ಗಂಟಿಲ್ಲದ ದಾರ

ಕೇಳುಗರಿಗೆ ನಮಸ್ಕಾರ.

ನನಗೆ ಎಂಟು ವರ್ಷ ಇದ್ದಾಗ ನಮ್ಮ ಆಯಿ, ಅಂದರೆ ಅಜ್ಜಿ, ಕೈಗೆ ಸೂಜಿ ಕೊಟ್ಟು ಕಸೂತಿ ಕಲಿಸಲು ಕೂಡಿಸಿಕೊಂಡಳು. ಧಾರವಾಡದ ಹಳೆ ಮನೆ, ಬೆಳಕು ಚೆನ್ನಾಗಿ ಬೀಳುವ ಪಡಸಾಲೆ. ಅವಳ ಮೊದಲ ಮಾತೇ, "ದಾರಕ್ಕ ಗಂಟ ಹಾಕಬ್ಯಾಡ ತಂಗಿ." ಯಾಕೆ ಅಂತ ಕೇಳಿದೆ. "ಹಾಕಬಾರದು, ಅಷ್ಟ" ಅಂದಳು. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಬೇಕು. ನಡುವೆ ಜಾಗ ಬಿಡುತ್ತಾ ಮುಂದೆ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬಂದು, ಬಿಟ್ಟ ಜಾಗ ತುಂಬಬೇಕು. ಈ ಹೊಲಿಗೆಯ ಹೆಸರು ಗವಂತಿ. ಹೀಗೆ ಹೋಗಿ ಬಂದರೆ ಬಟ್ಟೆಯ ಎರಡೂ ಬದಿ ಒಂದೇ ತರಹ ಕಾಣುತ್ತದೆ. ಗಂಟು ಹಾಕಿದರೆ ಹಿಂದಿನ ಬದಿ ಕೆಟ್ಟಿತು. ಇದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಅಲ್ಲಿಯವರೆಗೆ ಸುಮ್ನೆ ಆಯಿ ಮಾಡಿದ ಹಾಗೆ ಮಾಡುತ್ತಿದ್ದೆ.

ಮುಂದೆ ನಾನು ವಿಜ್ಞಾನದ ಶಿಕ್ಷಕಿಯಾದೆ. ಮಕ್ಕಳು ವರ್ಷಾ ವರ್ಷಾ ಒಂದು ಪ್ರಶ್ನೆ ಕೇಳುತ್ತಿದ್ದರು. ಟೀಚರ್, ಇಷ್ಟೊಂದು ಪ್ರಾಣಿಗಳಿರುವಾಗ ಮನುಷ್ಯನೊಬ್ಬನಿಗೇ ಇಷ್ಟು ಬುದ್ಧಿ ಯಾಕೆ ಬಂತು? ಊರು, ಸಂತೆ, ಲೆಕ್ಕಪತ್ರ ಇವೆಲ್ಲ ಮಂಗ್ಯಾಗಳಿಗೆ ಯಾಕಿಲ್ಲ? ಮಿದುಳು ದೊಡ್ಡದು ಅದಕ್ಕೆ, ಅಂತ ಹೇಳಿ ಪಾಠ ಮುಗಿಸುತ್ತಿದ್ದೆ. ಅದು ಅರ್ಧ ಉತ್ತರ. ಉಳಿದರ್ಧ ಆಯಿಯ ಪಡಸಾಲೆಯಲ್ಲಿತ್ತು.

ದೊಡ್ಡ ಮಿದುಳು ಬಹಳ ತುಟ್ಟಿಯ ವಸ್ತು. ನಮ್ಮ ಮೈತೂಕದಲ್ಲಿ ಅದರ ಪಾಲು ನೂರಕ್ಕೆ 2 ಮಾತ್ರ. ಆದರೆ ಸುಮ್ಮನೆ ಕೂತಾಗಲೂ ಉಂಡ ಅನ್ನದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಬೆಳೆಯುವ ಮಕ್ಕಳಲ್ಲಿ ಇನ್ನೂ ಜಾಸ್ತಿ. ಇಷ್ಟು ಶಕ್ತಿ ಎಲ್ಲಿಂದ ಬಂತು? ಬೆಂಕಿಯಿಂದ ಎನ್ನುತ್ತಾರೆ ರಿಚರ್ಡ್ ರಾಂಗಮ್ ಎಂಬ ವಿಜ್ಞಾನಿ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷ ಹಿಂದಿನ ಬೂದಿ ಸಿಕ್ಕಿದೆ. ಹಸಿ ಜೋಳದ ಕಾಳು ಅಗಿದು ನೋಡಿ, ಆಮೇಲೆ ಹಂಚಿನ ಮೇಲಿನ ಬಿಸಿ ರೊಟ್ಟಿ ತಿಂದು ನೋಡಿ. ಬೇಯಿಸಿದ ಊಟ ಬೇಗ ಕರಗುತ್ತದೆ, ಮೈಗೆ ಹತ್ತುತ್ತದೆ.

ಆದರೆ ಇಷ್ಟು ತುಟ್ಟಿಯ ಮಿದುಳಿನಿಂದ ಲಾಭ ಏನು? ಸುತ್ತಮುತ್ತ ಕಲಿಯಲು ಏನೂ ಇಲ್ಲದಿದ್ದರೆ ದೊಡ್ಡ ಮಿದುಳು ಬರೀ ಹಸಿವು ತರುತ್ತದೆ. ಶಾಲೆಯೇ ಇಲ್ಲದ ಊರಲ್ಲಿ ಪಾಟಿಚೀಲ ಹೊತ್ತು ತಿರುಗಿದ ಹಾಗೆ. ಇನ್ನು ಕಲಿಯುವ ಮಕ್ಕಳೇ ಇಲ್ಲದ ಊರಿಗೆ ಶಾಲೆ ಯಾಕೆ ಬರುತ್ತದೆ? ಎರಡೂ ಒಟ್ಟಿಗೇ ಬೆಳೆಯಬೇಕು, ಶುರುವಾಗುವುದೇ ಕಷ್ಟ. ಬಹಳಷ್ಟು ಪ್ರಾಣಿಗಳು ಈ ಹೊಸ್ತಿಲಲ್ಲೇ ನಿಂತವು ಅಂತ ನನಗೆ ಅನಿಸುತ್ತದೆ. ನಮ್ಮ ಹಿರಿಯರಿಗೆ ಕೈಗಳು ಬಿಡುವಾಗಿದ್ದವು. ತಾಂಜಾನಿಯಾದ ಲೇಟೋಲಿಯಲ್ಲಿ ಎರಡೇ ಕಾಲಲ್ಲಿ ನಡೆದವರ ಹೆಜ್ಜೆ ಗುರುತು ಜ್ವಾಲಾಮುಖಿಯ ಬೂದಿಯಲ್ಲಿ ಉಳಿದಿದೆ, ಸುಮಾರು 36 ಲಕ್ಷ ವರ್ಷ ಹಿಂದಿನದು. ಬಿಡುವಾದ ಕೈ ಕಲ್ಲು ಹಿಡಿಯಿತು. ಕಲ್ಲನ್ನು ಒಡೆದು ಚೂಪು ಮಾಡುವುದನ್ನು ಪಕ್ಕದವರು ನೋಡಿದರು. ನಮ್ಮ ಮಲಪ್ರಭಾ ಕೊಳ್ಳದಲ್ಲೂ ಅಂಥ ಕಲ್ಲಿನ ಕೈಗೊಡಲಿಗಳು ಸಿಕ್ಕಿವೆ.

ನಮ್ಮ ಹಿತ್ತಲ ಪೇರಲ ಗಿಡಕ್ಕೆ ಮಂಗ್ಯಾಗಳು ಬರುತ್ತವೆ. ಜಾಣ ಪ್ರಾಣಿಗಳು. ತಾಯಿ ತಿನ್ನುವುದನ್ನು ಮರಿ ಹತ್ತಿರ ಕೂತು ನೋಡುತ್ತದೆ. ಆದರೆ ತಾಯಿ ಒಮ್ಮೆಯೂ ತಿರುಗಿ, ಹಿಂಗಲ್ಲ, ಹಿಂಗ ಹಿಡಿ ಅಂತ ತೋರಿಸಿದ್ದನ್ನು ನಾನು ಕಂಡಿಲ್ಲ.

2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬಿಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಪೆಟ್ಟಿಗೆಯೊಳಗೆ ತಿನಿಸು. ತೋರಿಸುವವರು ಮೊದಲು ಕೋಲಿನಿಂದ ಮೇಲೆ ಕುಟ್ಟುತ್ತಾರೆ, ಆಮೇಲೆ ಬಾಗಿಲು ತೆಗೆಯುತ್ತಾರೆ. ಪಾರದರ್ಶಕ ಪೆಟ್ಟಿಗೆಯಲ್ಲಿ, ಮೇಲೆ ಕುಟ್ಟುವುದರಿಂದ ಏನೂ ಆಗುವುದಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಚಿಂಪಾಂಜಿ ಮರಿಗಳು ಕುಟ್ಟುವುದನ್ನು ಬಿಟ್ಟು ನೇರ ಬಾಗಿಲಿಗೆ ಹೋದವು. ಮೂರು ನಾಲ್ಕು ವರ್ಷದ ಮಕ್ಕಳು? ಕುಟ್ಟಿದರು, ಆಮೇಲೆ ತೆಗೆದರು! ಓದಿದಾಗ ನನಗೆ ಆ ಮಕ್ಕಳು ದಡ್ಡರು ಅನಿಸಲಿಲ್ಲ. ಗಂಟು ಹಾಕದೆ ಹೊಲಿಯುತ್ತಿದ್ದ ನಾನೇ ನೆನಪಾದೆ.

ಹೀಗೆ ನಂಬಿ ಕಲಿಯುವುದರ ಬೆಲೆ ಎಷ್ಟು ಅಂತ ಒಂದು ಕಥೆ ಹೇಳುತ್ತೇನೆ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬವರ ತಂಡ ಆಸ್ಟ್ರೇಲಿಯಾ ದಾಟಲು ಮೆಲ್ಬರ್ನ್‌ನಿಂದ ಒಂಟೆಗಳೊಂದಿಗೆ ಹೊರಟಿತು. ಧೈರ್ಯವಂತರು, ಓದಿದವರು. ವಾಪಸು ಬರುವಾಗ ಕೂಪರ್ ಕ್ರೀಕ್ ಎಂಬಲ್ಲಿ ದಿನಸಿ ತೀರಿತು. ಅಲ್ಲಿನ ಯಾಂಡ್ರುವಾಂಧ ಜನ ನಾರ್ಡೂ ಎಂಬ ಜರಿಗಿಡದ ಬೀಜದಂಥ ಕಾಳನ್ನು ತಿನ್ನುತ್ತಿದ್ದರು. ಇವರೂ ಅದನ್ನು ಆರಿಸಿ, ಕುಟ್ಟಿ, ಬೇಯಿಸಿ ಹೊಟ್ಟೆ ತುಂಬ ತಿಂದರು. ತಿನ್ನುತ್ತಲೇ ದಿನದಿನಕ್ಕೆ ಸೊರಗಿದರು. ನಾರ್ಡೂವಿನಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಅಂಶವಿದೆ. ಅದನ್ನು ಹದ ಮಾಡುವ ಕ್ರಮ ಆ ಜನರಿಗೆ ತಲೆತಲಾಂತರದಿಂದ ಗೊತ್ತಿತ್ತು. 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಇಬ್ಬರೂ ತೀರಿಕೊಂಡರು. ಜಾನ್ ಕಿಂಗ್ ಎಂಬ ಜೊತೆಗಾರ ಮಾತ್ರ ಯಾಂಡ್ರುವಾಂಧರ ಬಳಿ ಹೋಗಿ, ಅವರ ಅನ್ನ ಉಂಡು ಬದುಕಿದ. ಮಿದುಳು ಎಲ್ಲರದೂ ಒಂದೇ ಅಲ್ವಾ? ಹೇಳಿಕೊಡುವವರು ಇದ್ದರೋ ಇಲ್ಲವೋ, ಅಷ್ಟೇ ವ್ಯತ್ಯಾಸ.

ಮನುಷ್ಯನೊಬ್ಬನೇ ಎಂಬ ಮಾತಿಗೂ ಸ್ವಲ್ಪ ತಿದ್ದುಪಡಿ ಬೇಕು. ಸುಮಾರು 40,000 ವರ್ಷದ ಹಿಂದಿನವರೆಗೆ ನಿಯಾಂಡರ್ಟಾಲರು ಎಂಬ ಇನ್ನೊಂದು ಬಗೆಯ ಮನುಷ್ಯರು ಇದ್ದರು. ಅವರ ಮಿದುಳು ನಮ್ಮಷ್ಟೇ ದೊಡ್ಡದು. ಆದರೆ ಸಣ್ಣ ಸಣ್ಣ ಗುಂಪು, ಚದುರಿದ ಬದುಕು. ಆಫ್ರಿಕಾದ ಹೊರಗಿನ ಜನರ ಮೈಯಲ್ಲಿ, ನಮ್ಮಲ್ಲೂ, ಅವರ ಅಂಶ ನೂರಕ್ಕೆ ಒಂದೆರಡರಷ್ಟು ಇನ್ನೂ ಉಳಿದಿದೆ.

ಗುಂಪು ದೊಡ್ಡದಾಗಲು ರಕ್ತಸಂಬಂಧ ಇಲ್ಲದವರನ್ನೂ ನಂಬಬೇಕು. ಚಿಂಪಾಂಜಿಗಳು ಪರಗುಂಪಿನ ಗಂಡನ್ನು ಕಂಡರೆ ಕೊಂದೇಬಿಡುವುದುಂಟು. ನಾವು? ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಯಾರದೋ ದುಡ್ಡು, ಯಾರದೋ ಹೊಲದ ಬಿತ್ತನೆಗೆ. ನಡುವೆ ಇರುವುದು ಒಂದು ವಹಿ, ಒಂದು ಸಹಿ, ಮಾತಿಗೆ ತಪ್ಪುವುದಿಲ್ಲ ಎಂಬ ನಂಬಿಕೆ. ಕೋಟಿ ವರ್ಷ ಕಾದರೂ ನಮ್ಮ ಪೇರಲ ಗಿಡದಲ್ಲಿ ಇದು ಆಗಲಾರದು.

ಇನ್ನೊಂದು ಮಾತು, ಇದು ನನಗೆ ತುಂಬ ಹತ್ತಿರದ್ದು. ಮಕ್ಕಳಾಗುವ ವಯಸ್ಸು ಮುಗಿದ ಮೇಲೂ ಹೆಣ್ಣು ಹತ್ತಾರು ವರ್ಷ ಬದುಕುವುದು ಪ್ರಾಣಿಲೋಕದಲ್ಲಿ ಬಹಳ ಅಪರೂಪ. ಕ್ರಿಸ್ಟನ್ ಹಾಕ್ಸ್ ಎಂಬ ವಿದ್ವಾಂಸೆ ತಾಂಜಾನಿಯಾದ ಹಾಡ್ಜಾ ಜನರ ನಡುವೆ ಇದ್ದು ನೋಡಿದರು. ವಯಸ್ಸಾದ ಹೆಂಗಸರು ದಿನವಿಡೀ ಗೆಡ್ಡೆ ಅಗೆದು ತಂದು ಮೊಮ್ಮಕ್ಕಳಿಗೆ ಉಣಿಸುತ್ತಿದ್ದರು. ಅಜ್ಜಿಯ ಆಯುಷ್ಯ ಬೆಳೆದದ್ದೇ ಮೊಮ್ಮಕ್ಕಳ ಸಲುವಾಗಿ ಎಂಬುದು ಅವರ ವಾದ. ಗೆಡ್ಡೆ ಕೊಟ್ಟ ಕೈ ಗೆಡ್ಡೆ ಅಗೆಯುವುದನ್ನೂ ಕಲಿಸಿರುತ್ತದೆ ಅಂತ ನಾನು ನಂಬಿದ್ದೇನೆ.

ಆಯಿ ಹೊಲಿದ ಒಂದು ಕುಂಚಿಗೆ, ಕೂಸಿನ ತಲೆಗೆ ಹಾಕುವುದು, ನನ್ನ ಟ್ರಂಕಿನಲ್ಲಿದೆ. ಮೇಲೆ ಗೋಪುರ, ಪಲ್ಲಕ್ಕಿ. ಎಷ್ಟು ತಿರುಗಿಸಿ ನೋಡಿದರೂ ಒಳಬದಿ ಯಾವುದು, ಹೊರಬದಿ ಯಾವುದು ತಿಳಿಯುವುದಿಲ್ಲ. ಕಳೆದ ತಿಂಗಳು ಮೊಮ್ಮಗಳು ಅದನ್ನು ನೋಡಿ, ತನಗೂ ಕಲಿಸು ಅಂತ ಸೂಜಿ ಹಿಡಿದು ಕೂತಳು. ದಾರಕ್ಕೆ ಗಂಟು ಹಾಕಲು ಹೋದಳು. ಹಾಕಬ್ಯಾಡ ತಂಗಿ ಅಂದೆ. ಯಾಕೆ ಅಂತ ಕೇಳಿದಳು. ನಾನು ಟೀಚರ್ ಅಲ್ವಾ, ಕಾರಣ ಬಿಡಿಸಿ ಹೇಳತೊಡಗಿದೆ. ಅವಳ ಕಿವಿ ಇತ್ತ ಇರಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದಳು.

ನಮಸ್ಕಾರ.