ಚಾಟಿ ಹಿಡಿದ ಕ್ರಿಯಾಪದ

(ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ‘ರಿವರ್ಬರೇಟ್’ ಎಂಬ ಒಂದೇ ಒಂದು ಕ್ರಿಯಾಪದದ ಬಗ್ಗೆ ಮಾತಾಡ್ತೀನಿ ಅಂದಾಗ ನಿಮ್ಮ ಮೇಷ್ಟರು ಸ್ವಲ್ಪ ಅನುಮಾನದಿಂದಲೇ ಒಪ್ಪಿಕೊಂಡರು. ತಪ್ಪು ಅವರದಲ್ಲ. ನಿಘಂಟು ತೆರೆದರೆ ‘ಪ್ರತಿಧ್ವನಿಸು’ ಅಂತ ಬರೆದು ಮುಗಿಸಿರುತ್ತಾರೆ. ‘ಎಕೋ’ಗೂ ಅದೇ, ‘ರಿಸೌಂಡ್’ಗೂ ಅದೇ. ಅಲ್ಲಿಗೆ ನಿಂತರೆ ಈ ಪದದ ಒಳಗಿರುವ ಏಟು ನಮಗೆ ತಾಕುವುದೇ ಇಲ್ಲ.

ಏಟು ಅಂದದ್ದು ಸುಮ್ಮನೆ ಅಲ್ಲ. ಲ್ಯಾಟಿನ್ನಿನಲ್ಲಿ ‘ವರ್ಬೆರಾ’ ಅಂದರೆ ಚಾಟಿ, ಬೆತ್ತ. ‘ವರ್ಬೆರಾರೆ’ ಅಂದರೆ ಬಾರಿಸು. ಅದಕ್ಕೆ ‘ರೆ’ ಅಂಟಿಕೊಂಡಾಗ ಹೊಡೆದು ಹಿಂದಕ್ಕೆ ಅಟ್ಟು ಎಂದಾಯಿತು. ಇದರ ನಡುವೆ ‘ವರ್ಬ್’ ಕೂತಿದೆಯಲ್ಲ ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಿರಬಹುದು. ಅದು ‘ವರ್ಬಮ್’, ಅಂದರೆ ಮಾತು ಎಂಬ ಬೇರೆಯದೇ ಪದದಿಂದ ಬಂದದ್ದು. ನಾವು ಓದುವಾಗ ವ್ಯಾಕರಣವೂ ಬೆತ್ತವೂ ಒಂದೇ ಪೀರಿಯಡ್ಡಿನಲ್ಲಿ ಬರುತ್ತಿದ್ದವು, ಅದು ಬಿಡಿ.

ಇಂಗ್ಲಿಷಿಗೆ ಬಂದ ಹೊಸತರಲ್ಲಿ ಈ ಪದ ಬರೀ ಸದ್ದಿನ ಸ್ವತ್ತಾಗಿರಲಿಲ್ಲ. 16, 17ನೇ ಶತಮಾನದಲ್ಲಿ ಬೆಳಕು ತಿರುಗಿ ಬಂದರೂ, ಕಾವು ತಿರುಗಿ ಬಂದರೂ ಇದನ್ನೇ ಹೇಳುತ್ತಿದ್ದರು. ಲೋಹ ಕರಗಿಸುವವರಲ್ಲಿ ಆ ಅರ್ಥ ಇನ್ನೂ ಬದುಕಿದೆ. ‘ರಿವರ್ಬರೇಟರಿ’ ಕುಲುಮೆ ಅಂತ ಒಂದಿದೆ. ಉರಿ ಒಂದು ಕಡೆ, ಅದಿರು ಇನ್ನೊಂದು ಕಡೆ. ಕಲ್ಲಿದ್ದಲಿಗೂ ಅದಿರಿಗೂ ನೇರ ಸಂಪರ್ಕವೇ ಇಲ್ಲ. ತಗ್ಗಾದ ಕಮಾನು ಚಾವಣಿಗೆ ಬಡಿದ ಕಾವು ಕೆಳಗಿಳಿದು ಅದಿರನ್ನು ಕರಗಿಸುತ್ತದೆ. ಅಲ್ಲಿ ಸದ್ದೂ ಇಲ್ಲ, ಮಾರ್ದನಿಯೂ ಇಲ್ಲ. ಪದ ಮಾತ್ರ ಅದೇ. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಹೊತ್ತಿಗೆ ಇದು ಸದ್ದಿನ ಕಡೆ ಬಂದಿತ್ತು. ಗಂಡುವೇಷದ ವಯೋಲಾ ಪ್ರೀತಿಸಿದವಳ ಹೆಸರನ್ನು ಬೆಟ್ಟಗಳಿಗೆ ಕೇಳುವಂತೆ ಕೂಗುವ ಮಾತಾಡುತ್ತಾಳೆ. ಆ ಬೆಟ್ಟಗಳಿಗೆ ಷೇಕ್ಸ್‌ಪಿಯರ್ ಕೊಟ್ಟ ವಿಶೇಷಣ ಇದೇ ಪದ.

ನಮಗೂ ಬೆಟ್ಟ ಇದೆ. ಅಂತರಗಂಗೆಯಲ್ಲಿ ದೊಡ್ಡ ಬಂಡೆಯ ಎದುರು ನಿಂತು ಕೂಗಿ ನೋಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಕಿವಿಗೆ ಎರಡು ಸದ್ದು ಬೇರೆಯಾಗಿ ತಿಳಿಯಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಬಿಡುವು ಬೇಕು. ಹಾಗಾಗಿ ಬಂಡೆ 17 ಮೀಟರಿಗಿಂತ ದೂರ ಇದ್ದರೆ ನಿಮ್ಮ ಕೂಗು ಬಿಡಿಯಾಗಿ ವಾಪಸ್ ಬರುತ್ತದೆ. ಅದು ಎಕೋ. ಇನ್ನು ಮದುವೆಯ ಹಿಂದಿನ ದಿನ ಖಾಲಿ ಛತ್ರಕ್ಕೆ ಹೋಗಿ. ವಾಲಗದವರು ಡೋಲು ತಟ್ಟಿದರೆ ಸದ್ದು ಗೋಡೆ, ಚಾವಣಿ, ನೆಲಕ್ಕೆಲ್ಲ ಬಡಿದು, ಬಿಡಿಬಿಡಿಯಾಗದೆ ಒಂದರೊಳಗೊಂದು ಕಲಸಿಕೊಂಡು ಗುಂಯ್ ಅನ್ನುತ್ತದೆ. ರಿವರ್ಬರೇಟ್ ಅಂದರೆ ಇದು. ಮುಹೂರ್ತದ ಹೊತ್ತಿಗೆ ಅದೇ ಛತ್ರದಲ್ಲಿ ಗುಂಯ್ ಇರುವುದಿಲ್ಲ, ಜನರ ಮೈ, ಸೀರೆ, ಶಾಲು ಎಲ್ಲ ಸದ್ದನ್ನು ಕುಡಿದುಬಿಟ್ಟಿರುತ್ತವೆ.

ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಅಡಗಲು ಸುಮಾರು ಐದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಮೇಷ್ಟರು ಹತ್ತು ಹದಿನೈದು ಪದ ಆಡಿರುತ್ತಾರೆ, ಕೇಳುವವರಿಗೆ ಒಂದೂ ದಕ್ಕುವುದಿಲ್ಲ. ಸಬೈನ್ ರಾತ್ರಿ ಹೊತ್ತು ಹತ್ತಿರದ ರಂಗಮಂದಿರದಿಂದ ಸೀಟಿನ ದಿಂಬುಗಳನ್ನು ತರಿಸಿ ಹರವಿ, ಆರ್ಗನ್ ಕೊಳವೆ ಊದಿಸಿ, ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆಂದು ಅಳೆದರು. ದಿಂಬು ಹೆಚ್ಚಿದಷ್ಟೂ ಕಾಲ ಇಳಿಯಿತು. ತೆರೆದ ಕಿಟಕಿಯನ್ನೇ ಅಳತೆಗೋಲು ಮಾಡಿಕೊಂಡರು, ಕಿಟಕಿಯಿಂದ ಆಚೆ ಹೋದ ಸದ್ದು ತಿರುಗಿ ಬರುವುದಿಲ್ಲವಲ್ಲ! ಅದೇ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಸದ್ದಿನ ತೀವ್ರತೆ ಹತ್ತು ಲಕ್ಷದ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್, ಇಳಿಯುವ ಸಮಯವನ್ನು ಇವತ್ತಿಗೂ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಭಾಷಣಕ್ಕೆ ಒಂದು ಸೆಕೆಂಡಿನ ಆಸುಪಾಸು ಹಿತ. ಈ ಸಭಾಂಗಣ ಕಟ್ಟಿದವರಿಗೆ ಯಾರೂ ಹೇಳಿದ ಹಾಗೆ ಕಾಣೆ.

ಈಗ ನಮ್ಮ ಜಿಲ್ಲೆಯ ಬಾಯಿಗೆ ಬರೋಣ. ಕನ್ನಡದ ‘ಮಾರ್ದನಿ’ಯಲ್ಲಿರುವ ‘ಮಾರು’ ಎದುರುಮಾತಿನದು, ಮಾರುತ್ತರದಲ್ಲಿ ಇರುವಂಥದ್ದು. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ‘ಮಾರುಮೋಗು’. ಆ ‘ಮೋಗು’ ನಮ್ಮ ‘ಮೊಳಗು’ವಿನ ದಾಯಾದಿ. ಕೆಜಿಎಫ್‌ನ ತಮಿಳರು ‘ಎದಿರೊಲಿ’ ಅನ್ನುತ್ತಾರೆ, ಎದುರಿನ ಉಲಿ. ಮೂರರಲ್ಲೂ ಗೋಡೆ ಹೊಡೆಯುವುದಿಲ್ಲ, ಜವಾಬು ಕೊಡುತ್ತದೆ. ಆದರೆ ಮೂರೂ ಎಕೋಗೆ ಹೊಂದುವಷ್ಟು ಛತ್ರದ ಗುಂಯ್‌ಗೆ ಹೊಂದುವುದಿಲ್ಲ. ಅದಕ್ಕೆ ಸಂಸ್ಕೃತದ ‘ಅನುರಣನ’ವೇ ಮೇಲು. ಗಂಟೆ ಬಾರಿಸಿದ ಮೇಲೂ ಉಳಿಯುವ ನಾದ ಅದು. ವಾಚ್ಯಾರ್ಥ ತಿಳಿದ ಮೇಲೆ ಮನಸ್ಸಿಗೆ ಬರುವ ಇನ್ನೊಂದು ಅರ್ಥವನ್ನು ನಮ್ಮ ಕಾವ್ಯಮೀಮಾಂಸೆಯವರು ವಿವರಿಸಿದ್ದೂ ಈ ಪದದಿಂದಲೇ.

ಕೊನೆಗೆ ಪತ್ರಿಕೆಗಳ ಮೇಲೆ ಒಂದು ತಕರಾರು. ‘ಸದನದಲ್ಲಿ ಪ್ರತಿಧ್ವನಿಸಿದ ನೀರಿನ ಸಮಸ್ಯೆ’ ಎಂಬ ಥರದ ತಲೆಬರಹ ನೀವು ನೋಡಿಯೇ ಇರುತ್ತೀರಿ. ಶಾಸಕರು ಎದ್ದು ಮಾತಾಡಿದರು ಎನ್ನುವುದಷ್ಟೇ ಅದರ ಅರ್ಥ. ಇಂಗ್ಲಿಷಿನವರು ‘ರಿವರ್ಬರೇಟ್’ ಅನ್ನುವುದು ಮಾತಿಗಲ್ಲ, ಒಂದು ಕಡೆ ಬಿದ್ದ ಪೆಟ್ಟು ದೂರದವರೆಗೆ, ಬಹುಕಾಲ ತಾಗುತ್ತಾ ಹೋಗುವುದಕ್ಕೆ. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಅಲ್ಲಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳು ಇವತ್ತಿಗೂ ಕೂಲಿಗೆ, ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತವೆ. ಇಂಥ ಕಡೆ ಇಂಗ್ಲಿಷಿನಲ್ಲಿ ಆ ಪದ ಸರಿಯಾಗಿ ಕೂರುತ್ತದೆ. ಅನುವಾದಿಸಲು ಕೊಟ್ಟರೆ ದಯವಿಟ್ಟು ‘ಗಣಿ ಮುಚ್ಚಿದ್ದು ಪ್ರತಿಧ್ವನಿಸುತ್ತಿದೆ’ ಅಂತ ಬರೆಯಬೇಡಿ. ‘ಆ ಪೆಟ್ಟು ಇನ್ನೂ ಇಳಿದಿಲ್ಲ’ ಅಂತ ಬರೆಯಿರಿ.