ಮಗುವಿಗೆ ದಿಢೀರ್ ಜ್ವರ ಬಂದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಕ್ಕಳ ಡಾಕ್ಟರು. ರಾತ್ರಿ ಎರಡು ಗಂಟೆಗೆ ನನ್ನ ಫೋನು ಹೊಡೆದುಕೊಂಡರೆ, ಆ ಕಡೆಯಿಂದ ಬರುವ ಮೊದಲ ಮಾತು ಏನು ಅಂತ ಎತ್ತುವ ಮೊದಲೇ ನನಗೆ ಗೊತ್ತು. "ಡಾಕ್ಟ್ರೇ, ನೂರಾ ಮೂರು ಇದೆ!" ಮಗುವಿನ ಹೆಸರಿಲ್ಲ, ವಯಸ್ಸಿಲ್ಲ. ಬರೀ ನೂರಾ ಮೂರು. ನಾನು ವಾಪಸ್ ಕೇಳುವ ಪ್ರಶ್ನೆಯೂ ಒಂದೇ. "ಮಗು ಈಗ ಏನು ಮಾಡ್ತಾ ಇದೆ?" ಆ ಕಡೆ ಒಂದು ಗಳಿಗೆ ಸದ್ದೇ ಇರುವುದಿಲ್ಲ. ಆಮೇಲೆ ಕೊಂಚ ನಾಚಿಕೊಂಡು ಹೇಳುತ್ತಾರೆ, "ಟಾರ್ಚ್ ಹಿಡ್ಕೊಂಡು ಆಟ ಆಡ್ತಾ ಇದೆ."

ನಾನು ಇವತ್ತು ಹೇಳಲು ಬಂದದ್ದು ಇಷ್ಟೇ. ಜ್ವರ ಎಷ್ಟಿದೆ ಅಂತ ಒಮ್ಮೆ ನೋಡಿ, ಥರ್ಮಾಮೀಟರ್ ಪಕ್ಕಕ್ಕಿಡಿ. ಆಮೇಲೆ ಮಗುವನ್ನು ನೋಡಿ.

ಒಂದರಿಂದ ಮೂರು ವರ್ಷದ ಮಕ್ಕಳಿಗೆ ದಿಢೀರ್ ಜ್ವರ ಬರುವುದು ತೀರಾ ಮಾಮೂಲು. ಮಧ್ಯಾಹ್ನ ಚೆನ್ನಾಗಿ ಆಡಿಕೊಂಡಿದ್ದ ಮಗು ಸಂಜೆಗೆ ಕೆಂಡದ ಹಾಗೆ ಸುಡುತ್ತಿರುತ್ತದೆ. ಅದು ಒಂದೊಂದೇ ವೈರಸ್ಸನ್ನು ಮೊದಲ ಸಲ ಎದುರಿಸುವ ವಯಸ್ಸು. ನಮ್ಮ ಮೆದುಳಿನಲ್ಲಿ ಮೈಯ ಬಿಸಿಯನ್ನು ಹಿಡಿತದಲ್ಲಿಡುವ ಒಂದು ಜಾಗ ಇದೆ. ಸೋಂಕು ಬಂತು ಅಂತ ಗೊತ್ತಾದ ಕೂಡಲೇ ಅದು ತಾನಾಗಿಯೇ ಬಿಸಿ ಏರಿಸುತ್ತದೆ. ಜ್ವರ ಏರುವಾಗ ಕೈಕಾಲು ತಣ್ಣಗೆ, ಹೊಟ್ಟೆ ಮಾತ್ರ ಬಿಸಿ, ಮೈಯೆಲ್ಲ ನಡುಕ ಇರುತ್ತದಲ್ವಾ? ಅದು ಮೆದುಳು ಬಿಸಿ ಕೂಡಿಸುತ್ತಿರುವ ಲಕ್ಷಣ. ಆ ಹೊತ್ತಿನಲ್ಲಿ ನೀವು ಐಸ್ ನೀರಿನ ಬಟ್ಟೆ ಹಾಕಿದರೆ ಮಗು ಇನ್ನೂ ಜಾಸ್ತಿ ನಡುಗುತ್ತದೆ, ಅಷ್ಟೇ. ದಪ್ಪ ಹೊದಿಕೆಯೂ ಬೇಡ. ತೆಳುವಾದ ಒಂದು ಬಟ್ಟೆ ಸಾಕು.

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಮುಟ್ಟಿದರೆ ಅದನ್ನು ಜ್ವರ ಅನ್ನುತ್ತೇವೆ. ಅಲ್ಲಿಂದ ಮೇಲಕ್ಕೆ ಎಷ್ಟು ಹೋಯಿತು ಅನ್ನುವುದರಿಂದ ಕಾಯಿಲೆ ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ. ರೋಸಿಯೋಲಾ ಅಂತ ಒಂದು ವೈರಸ್ ಜ್ವರ ಇದೆ. ಮೂರು ನಾಲ್ಕು ದಿನ 103, 104 ಅಂತ ಹೆದರಿಸುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಜ್ವರ ಬಿಟ್ಟು, ಮೈಮೇಲೆ ತಿಳಿ ಗುಲಾಬಿ ದದ್ದು ಎದ್ದು, ಮಾಯವಾಗುತ್ತದೆ. ಹಾಗೇ 101ರಲ್ಲೇ ಸುಮ್ಮನೆ ಕುಳಿತ ನ್ಯುಮೋನಿಯಾವನ್ನೂ ನಾನು ನೋಡಿದ್ದೇನೆ.

ಒಂದು ಘಟನೆ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುವವರಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ.

ಒಂದು ಸಂಜೆ ಗಂಡ ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದರು. ದೊಡ್ಡವಳಿಗೆ ಎರಡು ವರ್ಷ, ಜ್ವರ. ಚಿಕ್ಕವನಿಗೆ ಎರಡು ತಿಂಗಳು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇರಲಿಲ್ಲ, ಅದಕ್ಕೇ ಅವನನ್ನೂ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಅಪ್ಪ ಕುರ್ಚಿಯಲ್ಲಿ ಕೂತವರೇ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಎಡಗಡೆ ಸಮಯ, ಬಲಗಡೆ ಜ್ವರ. ಎರಡು ಗಂಟೆ ಹತ್ತು ನಿಮಿಷಕ್ಕೆ 103.2. ಎರಡೂ ಕಾಲಿಗೆ 103.4. ಎರಡೂ ಇಪ್ಪತ್ತಕ್ಕೆ ಮತ್ತೆ 103.2. 103 ದಾಟಿದ್ದೆಲ್ಲ ಕೆಂಪು ಶಾಯಿಯಲ್ಲಿ. ಪುಟ ತಿರುಗಿಸಿದರೆ ಇನ್ನೂ ಎರಡು ಪುಟ. ಆ ಮನುಷ್ಯ ಹಿಂದಿನ ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಅವರು ಓದುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಅಷ್ಟು ಹೊತ್ತಿಗೆ ಆ ದೊಡ್ಡವಳು ನನ್ನ ಸ್ಟೆತಸ್ಕೋಪ್ ಎಳೆದು, ತೂಕದ ಮೆಷಿನ್ ಮೇಲೆ ಹತ್ತಿ ಇಳಿದು, ಗೋಡೆಯ ಮೇಲಿದ್ದ ಆನೆಯ ಚಿತ್ರಕ್ಕೆ ಮುತ್ತು ಕೊಟ್ಟಾಗಿತ್ತು. ನಾನು ಅಪ್ಪನನ್ನು ಕೇಳಿದೆ, "ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ?" ಅವರು ಪುಟ ತಿರುಗಿಸಿದರು. ಹಿಂದಕ್ಕೆ, ಮತ್ತೆ ಮುಂದಕ್ಕೆ. ಅದರಲ್ಲಿ ಇರಲಿಲ್ಲ.

ಅಷ್ಟರಲ್ಲಿ ನಮ್ಮ ನರ್ಸ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಡಾಕ್ಟ್ರೇ, ಆ ಚಿಕ್ಕದು ಬಂದಾಗಿನಿಂದ ಒಂದೇ ಥರ ಮಲಗಿದೆ." ನಾನು ಆಗ ನೋಡಿದೆ. ಅಷ್ಟು ಗಲಾಟೆಯಲ್ಲಿ ಎರಡು ತಿಂಗಳ ಕೂಸು ಅಮ್ಮನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. "ಹಾಲು ಕುಡೀತಾನಾ?" ಅಂದೆ. "ಬೆಳಿಗ್ಗೆಯಿಂದ ಸರಿಯಾಗಿ ಕುಡಿದಿಲ್ಲ. ಆದ್ರೆ ಇವನು ಪಾಪ, ಗಲಾಟೆನೇ ಮಾಡಲ್ಲ" ಅಂದರು ಅಮ್ಮ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆವು. 100.8.

ನೋಡಿ, ಒಬ್ಬಳು 103.4, ಆನೆಗೆ ಮುತ್ತು ಕೊಡುತ್ತಿದ್ದಾಳೆ. ಒಬ್ಬ 100.8, ಕಣ್ಣೇ ತೆರೆಯುತ್ತಿಲ್ಲ. ಅವನನ್ನು ಆಗಲೇ ಅಡ್ಮಿಟ್ ಮಾಡಿದೆವು. ಮೂತ್ರದ ಸೋಂಕು, ರಕ್ತಕ್ಕೂ ಸೇರಿತ್ತು. ಉಳಿದುಕೊಂಡ. ಈಗ ಶಾಲೆಗೆ ಹೋಗುತ್ತಾನೆ, ಗಲಾಟೆಯನ್ನೂ ಸಾಕಷ್ಟು ಮಾಡುತ್ತಾನೆ. ನನಗೆ ಅವತ್ತು ಆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನನ್ನ ಮೇಲೆ. ನಾನೂ ಹತ್ತು ನಿಮಿಷ ಆ ನೋಟ್‌ಬುಕ್ಕನ್ನೇ ನೋಡುತ್ತಾ ಕೂತಿದ್ದೆ ಅಲ್ವಾ? ಗಡಿಬಿಡಿಯಲ್ಲಿ ಅವರು ಅದನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು. ಇನ್ನೂ ಡ್ರಾಯರ್‌ನಲ್ಲಿದೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ನನ್ನ ಸಮಯ ಅರ್ಧಕ್ಕಿಂತ ಜಾಸ್ತಿ ಮುಗಿದಿದೆಯಂತೆ. ಬೇಗ ಬೇಗ ಹೇಳುತ್ತೇನೆ.

ಮೂರು ತಿಂಗಳೊಳಗಿನ ಕೂಸಿಗೆ 100.4 ಇದ್ದರೂ ಸಾಕು, ಆಗಲೇ ಆಸ್ಪತ್ರೆಗೆ ಬನ್ನಿ. ಔಷಧಿ ಕೊಟ್ಟು ಕಾಯುವುದು, ಬೆಳಗಾಗಲಿ ಅನ್ನುವುದು, ಇದ್ಯಾವುದೂ ಬೇಡ. ಅಂಕಿ ನೋಡಿ ಓಡಿ ಬರಬೇಕಾದ ವಯಸ್ಸು ಅದು.

ಅದಕ್ಕಿಂತ ದೊಡ್ಡ ಮಗುವಾದರೆ, ಜ್ವರದ ಔಷಧಿ ಒಮ್ಮೆ ಕೊಟ್ಟು ಒಂದು ಗಂಟೆ ಬಿಟ್ಟು ಮುಖ ನೋಡಿ. ಜ್ವರ 103ರಿಂದ 101ಕ್ಕೆ ಇಳಿದಿದ್ದರೂ ಸಾಕು, ಪೂರ್ತಿ ಇಳಿಯಬೇಕು ಅಂತ ಹಟ ಬೇಡ. ನಿಮ್ಮನ್ನು ನೋಡಿ ನಗುತ್ತಿದೆಯಾ? ನೀರು ಕುಡಿಯುತ್ತಿದೆಯಾ? ಆಟದ ಸಾಮಾನು ಕಡೆ ಕೈ ಚಾಚುತ್ತಿದೆಯಾ? ಹಾಗಿದ್ದರೆ ರಾತ್ರಿ ಮನೆಯಲ್ಲೇ ಇರಬಹುದು. ಮಲಗಿದ ಮಗುವನ್ನು ಔಷಧಿಗೆ ಅಂತ ಎಬ್ಬಿಸಬೇಡಿ. ಮೂರು ದಿನ ಕಳೆದರೂ ಜ್ವರ ಬಿಡದಿದ್ದರೆ, ಅಥವಾ ಒಂದು ದಿನ ಬಿಟ್ಟು ಮತ್ತೆ ಬಂದರೆ ತೋರಿಸಿ.

ಜ್ವರ ಇಳಿದ ಮೇಲೂ ಮಗು ಮಂಕಾಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಕಾಯಬೇಡಿ. ಅಂಗಿ ಎತ್ತಿ ಎದೆ ನೋಡಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ತಕ್ಷಣ ಹೊರಡಿ. ಒಂದು ವರ್ಷ ದಾಟಿದ ಮಗು ಅಳದೆ ಸುಮ್ಮನಿದ್ದಾಗ ಒಂದು ಪೂರ್ತಿ ನಿಮಿಷ ಎಣಿಸಿ, ಉಸಿರು 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೂ ಹೊರಡಿ. ಎಂಟು ಗಂಟೆ ಕಾಲ ಉಚ್ಚೆಯೇ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕುಡಿದದ್ದೆಲ್ಲ ವಾಂತಿ, ಕತ್ತು ಬಗ್ಗಿಸಲು ಬಿಡುತ್ತಿಲ್ಲ, ಯಾವುದಿದ್ದರೂ ಹೊರಡಿ. ಮೈಮೇಲೆ ಕೆಂಪು ಚುಕ್ಕೆ ಎದ್ದಿದ್ದರೆ ಒಂದು ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದರೂ ಚುಕ್ಕೆ ಮಾಸದೆ ಹಾಗೇ ಕಾಣುತ್ತಿದ್ದರೆ, ಅದು ಎಲ್ಲಕ್ಕಿಂತ ಅವಸರದ್ದು.

ಫಿಟ್ಸ್ ಬಗ್ಗೆ ಹೇಳಲೇಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ. ನೋಡುವವರಿಗೆ ಜೀವವೇ ಹೋದ ಹಾಗೆ ಆಗುತ್ತದೆ. ಆದರೆ ಸಾಮಾನ್ಯವಾಗಿ ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಮೆದುಳಿಗೆ ಏನೂ ಆಗುವುದಿಲ್ಲ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ಬೆರಳು, ನೀರು, ಏನನ್ನೂ ಹಾಕಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಿ. ಮೊದಲ ಸಲ ಬಂದದ್ದಾದರೆ, ನಿಂತ ಮೇಲೂ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಔಷಧಿ ಅಂದರೆ ಪ್ಯಾರಾಸಿಟಮಾಲ್. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಹೋದ ಸಲ ಉಳಿದಿದ್ದ ಆಂಟಿಬಯಾಟಿಕ್ಕೂ ಬೇಡ. ಇಷ್ಟು ಹೊತ್ತು ಅಂಕಿ ಬಿಡಿ, ಅಂಕಿ ಬಿಡಿ ಅಂದೆ. ಬಾಟಲಿ ಮೇಲಿನ ಅಂಕಿಯನ್ನು, ಅಂದರೆ ಎಷ್ಟು ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಔಷಧಿ ಇದೆ ಅನ್ನುವುದನ್ನು ಮಾತ್ರ ಬಿಡಬೇಡಿ. ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕ. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಹನಿ ಹಾಕುವ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್‌ನ ಪ್ರತಿ ಹನಿಯಲ್ಲೂ ಔಷಧಿಯ ಅಂಶ ತುಂಬಾ ಜಾಸ್ತಿ ಇರುತ್ತದೆ, ಅದನ್ನು ಸಿರಪ್ ಅಂದುಕೊಂಡು ಚಮಚದಲ್ಲಿ ಕೊಟ್ಟು ಹೆದರಿ ಓಡಿ ಬಂದವರನ್ನು ನಾನು ನೋಡಿದ್ದೇನೆ. ಅಡುಗೆಮನೆಯ ಚಮಚ ಬೇಡ, ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳವನ್ನೋ ಸಿರಿಂಜನ್ನೋ ಬಳಸಿ. ಅದನ್ನು ಎಸೆದಿದ್ದರೆ, ಇವತ್ತೇ ಒಂದು ತಂದು ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ.

ಕೆಂಪು ದೀಪ ಮಿನುಗುತ್ತಿದೆ. ನಮಸ್ಕಾರ.