ಹದಿನೆಂಟನೆಯ ದಿನದ ಕೆಂಪು

ಈಗ ಪರದೆಯ ಮೇಲಿರುವುದು ಔಷಧಿ ಹಚ್ಚಲು ಶುರುಮಾಡಿದ ಹದಿನೆಂಟನೆಯ ದಿನ ತೆಗೆದ ಚಿತ್ರ. ನೋಡಲಾಗದವರು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳಿ. ಬಲಭುಜದ ಮೇಲೆ ಕೆಂಡದಂಥ ಕೆಂಪು, ನಡುವೆ ಹಕ್ಕಳೆ, ಅಂಚಿನಲ್ಲಿ ಒಸರುವ ನೀರು. ಔಷಧಿ ಹಚ್ಚುವ ಮೊದಲು ಅಲ್ಲಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ತಿಳಿಗೆಂಪು ಮಚ್ಚೆ, ಅಷ್ಟೇ. ನೋವಿಲ್ಲ, ಉರಿಯಿಲ್ಲ. ಇಸುಬು ಇರಬೇಕೆಂದು ಎರಡು ವರ್ಷ ಸುಮ್ಮನಿದ್ದೆ. ಚರ್ಮದ ವೈದ್ಯರು ಬಯಾಪ್ಸಿ ಮಾಡಿಸಿದ ಮೇಲೆ ಅದರ ಹೆಸರು ಗೊತ್ತಾಯಿತು: ಬೇಸಲ್ ಸೆಲ್ ಕಾರ್ಸಿನೋಮ. ಚರ್ಮದ ಕ್ಯಾನ್ಸರ್. ಆಳಕ್ಕೆ ಇಳಿಯದೆ ಮೇಲ್ಪದರದಲ್ಲೇ ಹರಡುವ ಬಗೆ.

ಕತ್ತರಿಸಿ ತೆಗೆಯಬಹುದು, ಇಲ್ಲವೇ ಇಮಿಕ್ವಿಮಾಡ್ ಕ್ರೀಮು ಹಚ್ಚಬಹುದು ಎಂದರು ವೈದ್ಯರು. ಲೆಕ್ಕವನ್ನೂ ಮುಚ್ಚಿಡಲಿಲ್ಲ. ಅಪಾಯ ಕಡಿಮೆಯಿರುವ ಇಂಥ ಗಡ್ಡೆಗಳಲ್ಲಿ ಐದು ವರ್ಷದ ನಂತರವೂ ಯಶಸ್ಸು ಉಳಿಯುವುದು ಶಸ್ತ್ರಚಿಕಿತ್ಸೆಯಾದರೆ ನೂರಕ್ಕೆ ಸುಮಾರು 98 ಮಂದಿಯಲ್ಲಿ, ಕ್ರೀಮಾದರೆ 82ರ ಆಸುಪಾಸು. ಭುಜದ ಮೇಲಿನ ಹೊಲಿಗೆಯ ಕಲೆ ದಪ್ಪವಾಗುವ ಸಂಭವವಿತ್ತು. ಎರಡು ದಿನ ಯೋಚಿಸಿ ನಾನು ಕ್ರೀಮನ್ನೇ ಆರಿಸಿಕೊಂಡೆ.

ಇದನ್ನು ರೋಗನಿರೋಧಕ ಶಕ್ತಿ ಹೆಚ್ಚಿಸುವ ಕ್ರೀಮು ಎನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ, ಟಾನಿಕ್ಕಿನಂತೆ ಕೇಳಿಸುತ್ತದೆ. ನಮ್ಮ ಕಾವಲು ಕೋಶಗಳಲ್ಲಿ ಟಿಎಲ್‌ಆರ್ 7 ಎಂಬ ಗ್ರಾಹಕವಿದೆ, ಅಂದರೆ ಅಪಾಯದ ಸುಳಿವು ಹಿಡಿಯುವ ಪ್ರೋಟೀನು. ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಸಿಕ್ಕಾಗ ಕೂಗಿ ಎಚ್ಚರಿಸುವುದು ಅದರ ಕೆಲಸ. ವೈರಸ್ಸೇ ಇಲ್ಲದಿದ್ದರೂ ಈ ಔಷಧಿ ಅದನ್ನು ಕೂಗಿಸುತ್ತದೆ. ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಸ್ರವಿಸುತ್ತದೆ, ರೋಗಪೀಡಿತ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಆ ಜಾಗಕ್ಕೆ ಧಾವಿಸುತ್ತವೆ, ಅಷ್ಟು ದಿನ ಅವುಗಳ ಕಣ್ಣು ತಪ್ಪಿಸಿ ಬೆಳೆದಿದ್ದ ಕ್ಯಾನ್ಸರ್ ಕೋಶಗಳು ಸಿಕ್ಕಿಬೀಳುತ್ತವೆ. 1997ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಜನನಾಂಗದ ನರುಲಿಗಳಿಗೆ. ಅಲ್ಲಿಯೂ ಅದು ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ, ಆ ಕೆಲಸ ಮಾಡುವುದು ನಮ್ಮದೇ ಕಾವಲು ಕೋಶಗಳು.

ಹಾಗಾಗಿ ಈ ಕೆಂಪು ನನ್ನದೇ ದೇಹದ ಹೋರಾಟ. ಇದನ್ನು ಯಾರಾದರೂ ಮೊದಲೇ ನನಗೆ ಬಿಡಿಸಿ ಹೇಳಬೇಕಿತ್ತು.

ವಾರಕ್ಕೆ ಐದು ರಾತ್ರಿ, ಆರು ವಾರ. ಮಚ್ಚೆಯ ಸುತ್ತ ಒಂದು ಸೆಂಟಿಮೀಟರ್ ಸೇರಿಸಿ ತೆಳುವಾಗಿ ಹಚ್ಚಿ, ಕೈ ತೊಳೆದು ಮಲಗುವುದು. ಎಂಟು ಗಂಟೆಯ ನಂತರ ಸೋಪಿನಿಂದ ತೊಳೆಯುವುದು. ಬಿಗಿಯಾದ ಪಟ್ಟಿ ಕಟ್ಟುವಂತಿಲ್ಲ. ಮೂರನೆಯ ವಾರ ಮೈಕೈ ನೋವು, ಚಳಿ, ಥೇಟ್ ಫ್ಲೂ ಬಂದಂತೆ. ಹೆದರಿ ವೈದ್ಯರಿಗೆ ಕರೆ ಮಾಡಿದೆ. ನಾಲ್ಕು ದಿನ ನಿಲ್ಲಿಸಿ ಮತ್ತೆ ಹಚ್ಚಿ, ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಬೇಡಿ ಎಂದರು. ಅಂದು ಕರೆ ಮಾಡದಿದ್ದರೆ ಟ್ಯೂಬನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದೆ.

ದಯವಿಟ್ಟು, ಯಾವುದೋ ಮಚ್ಚೆಗೆ ಇದನ್ನು ನೀವಾಗಿ ಹಚ್ಚಿಕೊಳ್ಳಬೇಡಿ. ಅದು ಮೆಲನೋಮ, ಅಂದರೆ ಬೇಗ ಹರಡಬಲ್ಲ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಆಗಿದ್ದರೆ ಕಳೆದುಕೊಳ್ಳುವ ವಾರಗಳು ತುಂಬಾ ದುಬಾರಿ.

ಇದು ಚಿಕಿತ್ಸೆ ಮುಗಿದು ಹನ್ನೆರಡು ವಾರವಾದ ಮೇಲಿನ ಚಿತ್ರ. ಸುತ್ತಲಿಗಿಂತ ತುಸು ಬಿಳಿಚಿದ ಚರ್ಮ. ಬಣ್ಣ ಮರಳದೆಯೂ ಇರಬಹುದಂತೆ. ಸ್ನಾನ ಮಾಡುವಾಗ ಬೆರಳು ಈಗಲೂ ಮೊದಲು ಅಲ್ಲಿಗೇ ಹೋಗುತ್ತದೆ. ನುಣುಪಾಗಿದೆ.